ನನ್ನ ಮಗಳ ಪೆಪ್ಪರಮೆಂಟು ಕಿತ್ತುಕೊಂಡ ಆರೋಗ್ಯ ನಿಯಮ

ಶಾಲಾ ಮಂಡಳಿಯ ಮಾನ್ಯ ಆರೋಗ್ಯ ನಿರ್ದೇಶಕರೇ,

ಮಕ್ಕಳ ಆರೋಗ್ಯ ಕಾಪಾಡಲೆಂದು ತಾವು ಮಾಡಿದ ನಿಯಮದಿಂದ ನನ್ನ ಮಗಳು ತರಗತಿಯ ಬೆಂಚಿನ ಮೇಲೆ ಪ್ರಜ್ಞೆ ತಪ್ಪಿದಳು. ಇದು ನನ್ನ ಮೊದಲ ದೂರು. ಆ ಮಗುವಿಗೆ ಸಕ್ಕರೆ ಕಾಯಿಲೆ ಇರುವ ವಿಷಯವನ್ನು ತಂದೆತಾಯಿ ಶಾಲೆಗೆ ತಿಳಿಸಿರಲೇ ಇಲ್ಲ ಎಂದು ಆಮೇಲೆ ತಮ್ಮ ಕಚೇರಿ ವರದಿ ಬರೆದು ಕೈತೊಳೆದುಕೊಂಡಿತು. ಇದು ಎರಡನೆಯದು. ಮೊದಲನೆಯದನ್ನು ಯಾರದೋ ಅಜ್ಞಾನ ಎಂದುಕೊಂಡು ಹೇಗೋ ನುಂಗಿಕೊಳ್ಳುತ್ತಿದ್ದೆ. ಎರಡನೆಯದು ಗಂಟಲಲ್ಲಿ ಇಳಿಯುತ್ತಿಲ್ಲ. ಏಕೆಂದರೆ ವಿಷಯ ತಿಳಿಸಿದವಳು ನಾನು, ಕೇಳಿಸಿಕೊಂಡು ತಲೆಯಾಡಿಸಿದವರು ಸಾಕ್ಷಾತ್ ತಾವು.

ಇಂಗ್ಲಿಷಿನಲ್ಲಿ ಬರೆದೆ, ಉತ್ತರ ಬರಲಿಲ್ಲ. ರಾಜಭಾಷೆಯಲ್ಲಿ ಬರೆದರೆ ರಾಜರಿಗೆ ತಲುಪೀತೆಂದು ಹಿಂದಿಯಲ್ಲಿ ಬರೆದೆ, ಅದಕ್ಕೂ ಬರಲಿಲ್ಲ. ಈಗ ದೆಹಲಿ ಕನ್ನಡಿಗರು ಓದುವ ಈ ಪತ್ರಿಕೆಯಲ್ಲಿ, ಎಲ್ಲರೆದುರು, ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವು ನನಗೆ ಮಾತು ಕೊಟ್ಟದ್ದು ಕನ್ನಡದಲ್ಲಿ. ಬೇರೆ ಭಾಷೆಗಳಲ್ಲಿ ಕೇಳಿದ್ದರಿಂದ ತಮಗೆ ಅದು ನೆನಪಾಗಲಿಲ್ಲವೋ ಏನೋ ಎಂಬ ಸಣ್ಣ ಆಸೆ ನನಗಿನ್ನೂ ಇದೆ.

ನಾನು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಗುಮಾಸ್ತೆ. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ನಮ್ಮ ಮನೆಯವರು ಜಗನ್ನಾಥ ಅಂತ, ಆರ್.ಕೆ.ಪುರಂನ ಕಚೇರಿಯಲ್ಲಿದ್ದಾರೆ. ಒಬ್ಬಳೇ ಮಗಳು ಸ್ಫೂರ್ತಿ, ತಮ್ಮ ಮಂಡಳಿಯ ಶಾಲೆಯಲ್ಲಿ ಮೂರನೇ ತರಗತಿ. ನಿಯಮಗಳ ಮೇಲೆ ನನಗೆ ದ್ವೇಷವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಯಮಗಳಿಗೆ ತಿದ್ದುಪಡಿ ಟೈಪು ಮಾಡುವುದೇ ನನ್ನ ಹೊಟ್ಟೆಪಾಡು. ಮಕ್ಕಳ ಉಗುರು ಕತ್ತರಿಸಿರಬೇಕು, ಎದೆಗೆ ಕರವಸ್ತ್ರ ಸಿಕ್ಕಿಸಿರಬೇಕು, ಲಸಿಕೆಯ ಚೀಟಿ ತರಬೇಕು, ಹೇನು ಕಂಡರೆ ಮನೆಗೆ ಕಳಿಸಲಾಗುವುದು, ಜಂತುಹುಳುವಿನ ಮಾತ್ರೆಯನ್ನು ಟೀಚರ್ ಎದುರೇ ನುಂಗಬೇಕು — ಎಲ್ಲಕ್ಕೂ ನಾನು ಕಣ್ಣಿಗೊತ್ತಿಕೊಂಡು ಸಹಿ ಹಾಕಿದವಳು. ಭಾನುವಾರ ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚುವಾಗ, ಈ ಶಾಲೆಯವರು ನನಗಿಂತ ಹೆಚ್ಚು ಕಾಳಜಿ ಮಾಡುತ್ತಾರಲ್ಲ ಎಂದು ಹೆಮ್ಮೆಯನ್ನೂ ಪಟ್ಟಿದ್ದೇನೆ.

ಸ್ಫೂರ್ತಿಗೆ ಕಾಯಿಲೆ ಕಾಣಿಸಿದ್ದು ಎರಡನೇ ತರಗತಿ ಮುಗಿದ ಬೇಸಿಗೆಯಲ್ಲಿ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದಳು, ನೋಡನೋಡುತ್ತಿದ್ದಂತೆ ಫ್ರಾಕು ಭುಜದಿಂದ ಜಾರುವಷ್ಟು ಸೊರಗಿದಳು. ದೆಹಲಿಯ ಬಿಸಿಲಿಗೆ ಹೀಗೆ ಎಂದು ನಾವು ಅಂದುಕೊಂಡೆವು. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದಾಗ ನಮ್ಮ ಮನೆಯವರು ನಕ್ಕೇಬಿಟ್ಟರು. ಅದು ವಯಸ್ಸಾದವರಿಗೆ ಬರುವುದಲ್ಲವೇ ಡಾಕ್ಟರ್ ಎಂದರು. ಮಕ್ಕಳಿಗೂ ಬರುತ್ತದೆ, ಬಂದರೆ ಹೋಗುವುದಿಲ್ಲ, ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಲೇಬೇಕು ಎಂದು ಡಾಕ್ಟರ್ ತಿಳಿಹೇಳಿದರು. ಅದಕ್ಕಿಂತ ಒತ್ತಿ ಹೇಳಿದ್ದು ಇನ್ನೊಂದು ಮಾತು. ಇನ್ಸುಲಿನ್ ತೆಗೆದುಕೊಳ್ಳುವ ಮಗು ಊಟ ತಡ ಮಾಡಿದರೆ, ಹೆಚ್ಚು ಓಡಿ ಆಡಿದರೆ, ರಕ್ತದಲ್ಲಿನ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು, ನಡುಕ, ಮಂಪರು ಬರುತ್ತದೆ. ಆಗ ತಕ್ಷಣ ಬಾಯಿಗೆ ಸಿಹಿ ಬೀಳಬೇಕು. ಬೀಳದಿದ್ದರೆ ಪ್ರಜ್ಞೆ ಹೋಗುತ್ತದೆ, ಪ್ರಾಣವೂ ಹೋಗಬಹುದು. "ಇವಳ ಜೇಬಿನಲ್ಲಿ ಪೆಪ್ಪರಮೆಂಟು ಯಾವಾಗಲೂ ಇರಲಿ. ಅದು ಇವಳ ಪಾಲಿಗೆ ತಿಂಡಿಯಲ್ಲ, ಔಷಧ" ಎಂದರು.

ಎದುರು ಕ್ವಾರ್ಟರ್ಸಿನ ವಿಮಲಾ ನನಗೆ ಅಕ್ಕನಿದ್ದ ಹಾಗೆ. ವಿಷಯ ಗೊತ್ತಾದಾಗ ಅವರು ಬಾಗಿಲು ಮುಂದೆ ಮಾಡಿ ಪಿಸುಮಾತಿನಲ್ಲಿ ಹೇಳಿದ್ದರು: "ಚಂದ್ರಪ್ರಭಾ, ಹೆಣ್ಣುಮಗು ಕಣೇ. ಸ್ಕೂಲಲ್ಲೆಲ್ಲ ಬರೆದುಕೊಡೋಕೆ ಹೋಗ್ಬೇಡ. ಒಂದ್ಸಲ ಕಾಗದದ ಮೇಲೆ ಬಂತು ಅಂದ್ರೆ ಜನ್ಮಪೂರ್ತಿ ಅಂಟ್ಕೊಳ್ಳತ್ತೆ. ಕ್ಲಾಸ್ ಟೀಚರ್ ಕಿವೀಲಿ ಹಾಕು, ಸಾಕು." ನನಗೆ ಆ ಮಾತು ಸರಿಬರಲಿಲ್ಲ. ಕಾಯಿಲೆ ಅಪರಾಧವೇ, ಬಚ್ಚಿಡುವುದಕ್ಕೆ? ಆದರೂ ಕೈ ಹಿಂದೆಮುಂದೆ ನೋಡುತ್ತಿತ್ತು. ಅಷ್ಟರಲ್ಲಿ ತಾವು ಬಂದಿರಿ.

ಜುಲೈ ತಿಂಗಳಲ್ಲಿ ಪೋಷಕರ ಸಭೆ. ಹೊಸ ಆರೋಗ್ಯ ನಿಯಮಗಳನ್ನು ಘೋಷಿಸಲು ತಾವು ಖುದ್ದಾಗಿ ಬಂದಿದ್ದಿರಿ. ಮಕ್ಕಳು ಚಿಪ್ಸು ಚಾಕಲೇಟು ತಿಂದು ಕೆಡುತ್ತಿದ್ದಾರೆ, ಇನ್ನು ಮುಂದೆ ಶಾಲೆಯೊಳಗೆ ಯಾವ ಸಿಹಿಯೂ ಬರಕೂಡದು, ಬಂದರೆ ಕಸಿದುಕೊಂಡು ಪ್ರಾರ್ಥನಾ ಸಭೆಯಲ್ಲಿ ಎಚ್ಚರಿಕೆ ಕೊಡಲಾಗುವುದು ಎಂದು ಇಂಗ್ಲಿಷಿನಲ್ಲಿ ಹೇಳಿದಿರಿ. ಮಗುವಿಗೆ ಏನೇ ಕಾಯಿಲೆ ಇದ್ದರೂ ಮುಚ್ಚಿಡಬೇಡಿ, ನಂಬಿ ಹೇಳಿ ಎಂದು ಹಿಂದಿಯಲ್ಲಿ ಹೇಳಿದಿರಿ. ಚಪ್ಪಾಳೆಯಾಯಿತು. ನಾನೂ ತಟ್ಟಿದೆ. ಆಮೇಲೆ ಚಹಾ ಕೊಡುವ ಜಾಗದಲ್ಲಿ ನಾನು ಮಗಳಿಗೆ "ಲೋಟ ಸರಿಯಾಗಿ ಹಿಡ್ಕೋ" ಎಂದದ್ದು ತಮ್ಮ ಕಿವಿಗೆ ಬಿತ್ತು.

"ಕನ್ನಡದವ್ರಾ? ಯಾವೂರಮ್ಮ?" ಎಂದಿರಿ.

"ಶಿರಾ ಸರ್."

"ಅರೆ, ಪಕ್ಕದವ್ರೇ ಆದ್ರಲ್ಲ! ನಾನು ತುಮಕೂರು." ಬಾಗಿ ಸ್ಫೂರ್ತಿಯ ಗಲ್ಲ ಹಿಡಿದಿರಿ. "ನಿನ್ನ ಹೆಸರೇನು ಪುಟ್ಟಿ?"

"ನನ್ನ ಹೆಸರು ಸ್ಫೂರ್ತಿ ಹೈ" ಎಂದಳು ಅವಳು. ತಾವು ಮನಸಾರೆ ನಕ್ಕಿರಿ. ಈ ದೆಹಲಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ನನ್ನ ಮಗಳ ಅರೆಬರೆ ಕನ್ನಡಕ್ಕೆ ಅಷ್ಟು ಅಕ್ಕರೆಯಿಂದ ನಕ್ಕದ್ದನ್ನು ಕಂಡು ನನಗೆ ಏನೆಲ್ಲ ಹೇಳಿಬಿಡಬೇಕೆನಿಸಿತು. ಹೇಳಿಬಿಟ್ಟೆ. ಸಕ್ಕರೆ ಕಾಯಿಲೆ, ಇನ್ಸುಲಿನ್, ಜೇಬಿನ ಪೆಪ್ಪರಮೆಂಟು, ತಮ್ಮ ಹೊಸ ನಿಯಮಕ್ಕೆ ಅದು ಅಡ್ಡಬರುತ್ತದಲ್ಲ ಎಂಬ ಭಯ, ಎಲ್ಲವನ್ನೂ. ಕ್ಲಾಸ್ ಟೀಚರ್ ಕಮಲೇಶ್ ಮೇಡಂ ನನ್ನ ಪಕ್ಕದಲ್ಲೇ ಇದ್ದರು. ತಾವು ಅವರಿಗೆ ಹಿಂದಿಯಲ್ಲಿ ವಿಷಯ ವಿವರಿಸಿ, ಮತ್ತೆ ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ:

"ನೋಡಮ್ಮ, ಧೈರ್ಯವಾಗಿ ಬರೆದುಕೊಡು. ಏನೂ ಮುಚ್ಚಿಡಬೇಡ. ಇವಳ ಜೇಬಿಗೆ ಯಾರೂ ಕೈಹಾಕಲ್ಲ, ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ. ಮಗು ನಮ್ಮ ಜವಾಬ್ದಾರಿ, ನೀನು ನಿಶ್ಚಿಂತೆಯಾಗಿರು."

ಬರೆದುಕೊಟ್ಟೆ. ನಿಶ್ಚಿಂತೆಯಾಗಿಯೂ ಇದ್ದೆ. ಕಮಲೇಶ್ ಮೇಡಂ ಒಳ್ಳೆಯವರು. ಆಟದ ಪೀರಿಯಡ್ ಮುಗಿದು ಬಂದ ಕೂಡಲೇ "ಸ್ಫೂರ್ತಿ, ಠೀಕ್ ಹೋ ಬೇಟಾ?" ಎಂದು ಕ್ಷೇಮ ಕೇಳುತ್ತಿದ್ದರಂತೆ. ಮಗಳು ಮಂಕಾಗಿ ಕಂಡರೆ ಅವರೇ ಪೆಪ್ಪರಮೆಂಟು ಸುಲಿದು ಬಾಯಿಗೆ ಹಾಕುತ್ತಿದ್ದರಂತೆ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ನಾನು ವಿಮಲಾಗೆ "ನೋಡಿದ್ರಾ ಅಕ್ಕ, ಹೇಳಿದ್ದಕ್ಕೆ ಎಷ್ಟು ಒಳ್ಳೇದಾಯ್ತು" ಎಂದು ಜಂಬದಿಂದ ಹೇಳಿದ್ದೂ ಉಂಟು.

ಜನವರಿಯ ಮಂಜು ತಮಗೆ ಗೊತ್ತು. ಎದುರು ಬ್ಲಾಕಿನ ದೀಪ ಕಾಣುವುದಿಲ್ಲ. ಅಂಥ ಒಂದು ಬೆಳಿಗ್ಗೆ ನಾನು ಮಗಳಿಗೆ ಎರಡು ಸ್ವೆಟರ್ ಹಾಕಿ, ಇನ್ಸುಲಿನ್ ಕೊಟ್ಟು, ಪರೋಟ ತಿನ್ನಿಸಿ, ಜೇಬಿಗೆ ಕಿತ್ತಳೆ ಪೆಪ್ಪರಮೆಂಟು ಹಾಕಿ ಕಳಿಸಿದೆ. ಆ ವಾರ ಶಾಲೆಯಲ್ಲಿ ಆರೋಗ್ಯ ಸಪ್ತಾಹದ ತಯಾರಿ. ಉದ್ಘಾಟನೆಗೆ ತಾವು ಬರುವವರಿದ್ದಿರಿ. ತಮ್ಮ ಕಣ್ಣಿಗೆ ಒಂದು ಮಗುವಿನ ಉಗುರೂ ಉದ್ದವಾಗಿ ಕಾಣಬಾರದೆಂದು ಆರೋಗ್ಯ ಕ್ಲಬ್ಬಿನ ಉಸ್ತುವಾರಿ ಟೀಚರ್ ಪ್ರಾರ್ಥನೆಗೂ ಮೊದಲೇ ತರಗತಿ ತರಗತಿ ತಪಾಸಣೆ ಮಾಡುತ್ತಿದ್ದರು. ಕಮಲೇಶ್ ಮೇಡಂ ಅಂದು ರಜೆ, ಅವರಿಗೇ ಜ್ವರ.

ಮುಂದಿನದನ್ನು ನಾನು ಮಗಳ ಬಾಯಿಂದ ಮತ್ತು ಅವಳ ಬೆಂಚಿನ ಗೆಳತಿ ಅಪೂರ್ವಾಳ ಬಾಯಿಂದ ಕೇಳಿದ್ದೇನೆ. ಎರಡೂ ಒಂದೇ ಥರ ಇವೆ. ಜೇಬಿನಿಂದ ಪೆಪ್ಪರಮೆಂಟು ಹೊರಬಂದವು. ಸ್ಫೂರ್ತಿ, "ಮ್ಯಾಮ್, ಯೇ ಮೇರೀ ದವಾಯಿ ಹೈ" ಎಂದಳು, ಇದು ನನ್ನ ಔಷಧ ಎಂದು. ತರಗತಿ ಗೊಳ್ಳೆಂದು ನಕ್ಕಿತು. ಆ ಟೀಚರ್, "ಟಾಫೀ ದವಾಯಿ ಹೈ? ತುಮ್ ತೋ ವಹೀ ಶುಗರ್‌ವಾಲೀ ಹೋ ನಾ? ತುಮ್ಹೇಂ ತೋ ಮೀಠಾ ಛೂನಾ ಭೀ ನಹೀಂ ಚಾಹಿಯೇ!" ಎಂದರು. ನೀನು ಆ ಸಕ್ಕರೆ ಕಾಯಿಲೆಯವಳಲ್ಲವೇ, ನೀನಂತೂ ಸಿಹಿಯನ್ನು ಮುಟ್ಟಲೂ ಬಾರದು ಎಂದು. ಈ ಮಾತನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ, ನಿರ್ದೇಶಕರೇ. ಆಮೇಲೆ ತಮ್ಮ ವರದಿಯ ಹತ್ತಿರ ಬಂದಾಗ ಬೇಕಾಗುತ್ತದೆ.

ಪ್ರಾರ್ಥನಾ ಸಭೆಯಲ್ಲಿ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದರು. ಸುಳ್ಳು ಹೇಳಿ ಸಿಹಿ ತಂದವಳು ಎಂದು ಮೈಕಿನಲ್ಲಿ ಹೇಳಿದರು. ಸಭೆ ಮುಗಿದ ಮೇಲೆ ಮೈದಾನದಲ್ಲಿ ಕವಾಯತು. 'ಸ್ವಸ್ಥ ಬಾಲಕ, ಸ್ವಸ್ಥ ಭಾರತ' ಎಂದು ಕೂಗುತ್ತಾ ತಮಗೆ ಸ್ವಾಗತ ಕೋರುವ ಕವಾಯತು. ಕೈಕಾಲು ಒಂದೇ ತಾಳದಲ್ಲಿ ಬರುವವರೆಗೆ ಮತ್ತೆ ಮತ್ತೆ ಮಾಡಿಸಿದರು. ಟಿಫಿನ್ ಬಿಡುವು ಅದರಲ್ಲೇ ಕಳೆದುಹೋಯಿತು. ತರಗತಿಗೆ ಬಂದ ಸ್ಫೂರ್ತಿ ಬೆಂಚಿಗೆ ತಲೆ ಆನಿಸಿದಳು. ಆ ಚಳಿಯಲ್ಲಿ ಅವಳ ಕುತ್ತಿಗೆ ಬೆವರಿತ್ತು ಎಂದು ಅಪೂರ್ವಾ ಹೇಳುತ್ತಾಳೆ. ಎಂಟು ವರ್ಷದ ಆ ಮಗು ಎದ್ದು ಹೋಗಿ ಬದಲಿ ಟೀಚರಿಗೆ ಹೇಳಿದಳಂತೆ. "ಡಾಂಟ್ ಪಡೀ ಹೈ, ನಾಟಕ್ ಕರ್ ರಹೀ ಹೈ, ಸೋನೇ ದೋ" ಎಂದರಂತೆ ಅವರು. ಬೈಸಿಕೊಂಡಿದ್ದಾಳೆ, ನಾಟಕ ಮಾಡುತ್ತಿದ್ದಾಳೆ, ಮಲಗಲಿ ಬಿಡು ಎಂದು. ಸ್ಫೂರ್ತಿಯ ಕೈಕಾಲು ಸೆಟೆದು ಅದುರತೊಡಗಿದಾಗ ಅಪೂರ್ವಾ ಕಿರುಚಿದ್ದು ಪಕ್ಕದ ತರಗತಿಗೂ ಕೇಳಿಸಿತಂತೆ. ಆಗ ನಾಟಕ ಮುಗಿದು ಎಲ್ಲರೂ ಓಡಿಬಂದರು.

ಕಚೇರಿಗೆ ಫೋನು ಬಂತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ನಾನು ಯಾವ ದೇವರಿಗೆ ಏನು ಹರಸಿಕೊಂಡೆನೋ ಈಗ ನೆನಪಿಲ್ಲ. ಮಗಳ ಕೈಗೆ ಗ್ಲೂಕೋಸ್ ಹನಿಯುತ್ತಿತ್ತು. ಡಾಕ್ಟರ್ ಸಿಡುಕಿನಿಂದ, ಮಗುವಿನ ಹತ್ತಿರ ಸಿಹಿ ಏನೂ ಇರಲಿಲ್ಲವೇ, ಒಂದು ಪೆಪ್ಪರಮೆಂಟು ಬಾಯಿಗೆ ಬಿದ್ದಿದ್ದರೆ ಇದು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ ಎಂದರು. ಜೊತೆಗೆ ಬಂದಿದ್ದ ಉಸ್ತುವಾರಿ ಟೀಚರ್ ಬಿಳಿಚಿಕೊಂಡು, "ಶುಗರ್ ಕೀ ಮರೀಜ್ ಹೈ, ಇಸೀ ಲಿಯೇ ತೋ ಛೀನಾ ಥಾ" ಎಂದರು. ಸಕ್ಕರೆ ಕಾಯಿಲೆಯವಳೆಂದೇ ಕಿತ್ತುಕೊಂಡೆ ಎಂದು. ಆಕೆಯ ಮೇಲೆ ನನಗೆ ಆಗ ಕೊಲ್ಲುವಷ್ಟು ಕೋಪ ಬಂದಿತ್ತು. ಈಗ ಅಷ್ಟಿಲ್ಲ. ಆಕೆಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟವರು ಬೇರೆ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಸ್ಫೂರ್ತಿ ಕಣ್ಣು ಬಿಟ್ಟಳು. ನನ್ನ ಮುಖ ನೋಡಿದಳು. ಇನ್ನೂ ಮಂಪರು ಹರಿದಿರಲಿಲ್ಲ. "ಸಾರಿ ಮ್ಯಾಮ್" ಎಂದಳು. ನನ್ನನ್ನು, ಹೆತ್ತವಳನ್ನು.

ಈಗ ತಮ್ಮ ಕಚೇರಿಗೆ ಬರೋಣ. ಮಗಳು ಮನೆಗೆ ಬಂದ ಮೇಲೆ ನಾನೂ ನಮ್ಮ ಮನೆಯವರೂ ತಮ್ಮನ್ನು ಕಾಣಲು ಬಂದೆವು. ಸತ್ಯವಾಗಿ ಹೇಳುತ್ತೇನೆ, ಜಗಳಕ್ಕೆ ಬಂದಿರಲಿಲ್ಲ. ನಮ್ಮವರೊಬ್ಬರಿದ್ದಾರೆ, ಅವರಿಗೆ ಹೇಳಿಕೊಂಡರೆ ಮನಸ್ಸು ಹಗುರಾದೀತು ಎಂದು ಬಂದಿದ್ದೆವು. ನಾನು ಕನ್ನಡದಲ್ಲಿ ಶುರುಮಾಡಿದೆ. ಕುಳಿತುಕೊಳ್ಳಿ ಎಂದು ತಾವು ಇಂಗ್ಲಿಷಿನಲ್ಲಿ ಹೇಳಿದಿರಿ, ಆಮೇಲಷ್ಟೇ ಕನ್ನಡಕ್ಕೆ ಇಳಿದಿರಿ.

"ಸರ್, ಜುಲೈನಲ್ಲಿ ತಮಗೆ ಹೇಳಿದ್ದೆನಲ್ಲ, ತಾವು ಬರೆದುಕೊಡು ಅಂದ್ರಿ..."

"ನೋಡಿ ಮೇಡಂ, ಸಭೆಯಲ್ಲಿ ನೂರಾರು ಜನ ಮಾತಾಡಿಸ್ತಾರೆ. ಪ್ರತಿಯೊಂದೂ ನೆನಪಿರೋಕೆ ಸಾಧ್ಯವಿಲ್ಲ."

"ತಾವು ತುಮಕೂರಿನವರು, ನಾನು ಶಿರಾದವಳು ಅಂತ..."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ತನಿಖೆ ಆಗ್ತಿದೆ. ವರದಿ ಬರಲಿ."

ಜುಲೈನಲ್ಲಿ 'ನೋಡಮ್ಮ' ಆಗಿದ್ದವಳು ಜನವರಿಗೆ 'ನೋಡಿ ಮೇಡಂ' ಆಗಿದ್ದೆ. ಗೌರವ ಕೊಟ್ಟು ಮನುಷ್ಯರನ್ನು ಇಷ್ಟು ದೂರ ತಳ್ಳಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿಗೆ ನಡೆದೆವು. ಅಲ್ಲಿ ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು: "ಅವ್ರಿಗೆ ಚೆನ್ನಾಗಿ ನೆನಪಿದೆ ಚಂದ್ರಾ."

ವರದಿ ಬಂತು. ಮಗುವಿನ ಸ್ಥಿತಿಯ ಬಗ್ಗೆ ಪೋಷಕರು ಶಾಲೆಗೆ ಸಮರ್ಪಕ ಮಾಹಿತಿ ನೀಡಿರಲಿಲ್ಲ, ಆದ್ದರಿಂದ ಸಿಬ್ಬಂದಿಯ ಕಡೆಯಿಂದ ಲೋಪವಾಗಿಲ್ಲ ಎಂದು ಅದರ ಸಾರಾಂಶ. 'ಸಮರ್ಪಕ' ಎಂಬ ಮಾತಿನ ಜಾಣತನವನ್ನು ನಾನು ಮೆಚ್ಚಿದೆ, ನಾನೂ ಸರ್ಕಾರಿ ಕಾಗದ ಬರೆಯುವವಳೇ ಅಲ್ಲವೇ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಾವು ತಿಳಿಸಿರದಿದ್ದರೆ ಮೂರನೇ ತರಗತಿಗೆ ಪಾಠ ಮಾಡದ ಒಬ್ಬ ಟೀಚರಿಗೆ ನನ್ನ ಮಗಳು 'ಶುಗರ್‌ವಾಲೀ' ಎಂದು ಗೊತ್ತಾದದ್ದು ಹೇಗೆ? ಅವಳ ಹಣೆಯ ಮೇಲೆ ಬರೆದಿತ್ತೇ? ಅಂದರೆ, ನಾನು ಬರೆದುಕೊಟ್ಟದ್ದು ಶಾಲೆಯನ್ನೆಲ್ಲ ಸುತ್ತಿದೆ. ಕಾಯಿಲೆಯ ಹೆಸರು ಎಲ್ಲರ ಬಾಯಿಗೂ ತಲುಪಿದೆ, ಅದರ ಔಷಧ ಮಾತ್ರ ಒಬ್ಬರ ತಲೆಗೂ ತಲುಪಿಲ್ಲ. ವಿಮಲಾ ಹೆದರಿದ್ದು ಇದಕ್ಕೇ. ನಾನು ಹೆದರಲಿಲ್ಲ, ತಮ್ಮನ್ನು ನಂಬಿದ್ದೆ.

ವರದಿಗೆ ಕಮಲೇಶ್ ಮೇಡಂರ ಸಹಿಯೂ ಇತ್ತು. ತನಗೆ ಯಾರೂ ಏನೂ ಹೇಳಿರಲಿಲ್ಲವೆಂದು ಅವರ ಹೇಳಿಕೆ. ಅದನ್ನು ಓದಿದ ದಿನ ನಾನು ಅಡುಗೆ ಮಾಡಲಿಲ್ಲ. ಮುಂದಿನ ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎನ್ನುವ ಮೊದಲೇ ಬಾಗಿಲಲ್ಲಿ ನಿಂತು ಅತ್ತರು. "ಮೇರೀ ನೌಕರೀ ಪಕ್ಕೀ ನಹೀಂ ಹೈ ಬೆಹೆನ್‌ಜೀ. ಸೈನ್ ನಹೀಂ ಕರ್ತೀ ತೋ ನಿಕಾಲ್ ದೇತೇ." ನೌಕರಿ ಕಾಯಂ ಆಗಿಲ್ಲ, ಸಹಿ ಹಾಕದಿದ್ದರೆ ತೆಗೆದುಹಾಕುತ್ತಿದ್ದರು. ಅವರಿಗೂ ಇಬ್ಬರು ಮಕ್ಕಳು. ನಾನು ಅವರಿಗೆ ನೀರು ಕೊಟ್ಟೆ. ಕ್ಷಮಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ, ಸುಳ್ಳು ಹೇಳಬಾರದಲ್ಲ. ಒಳಗಿನಿಂದ ಸ್ಫೂರ್ತಿ "ಮ್ಯಾಮ್!" ಎಂದು ಓಡಿಬಂದು ಅವರ ಸೊಂಟ ತಬ್ಬಿದಳು. ಆ ಹೆಂಗಸು ಮಗುವಿನ ತಲೆ ಸವರುತ್ತಾ ನನ್ನ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದರು. ಒಬ್ಬ ಒಳ್ಳೆಯ ಟೀಚರನ್ನು ಈ ಸ್ಥಿತಿಗೆ ತಂದು ನಿಲ್ಲಿಸಿದ್ದು ಯಾವ ಆರೋಗ್ಯ ನಿಯಮದ ಅಡಿಯಲ್ಲಿ, ಹೇಳುತ್ತೀರಾ?

ಇಷ್ಟಕ್ಕೆ ಮುಗಿಸಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ತಾವು ಇನ್ನೂ ಒಂದು ನಿಯಮ ಮಾಡಿದಿರಿ. ದೀರ್ಘಕಾಲದ ಕಾಯಿಲೆ ಇರುವ ಮಕ್ಕಳು ಸಂಪೂರ್ಣ ಆರೋಗ್ಯವಂತರೆಂದು ವೈದ್ಯರಿಂದ ಪ್ರಮಾಣಪತ್ರ ತರಬೇಕು. ಏನೇ ಆದರೂ ಶಾಲೆ ಹೊಣೆಯಲ್ಲವೆಂದು ಪೋಷಕರು ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿಯವರೆಗೆ ತರಗತಿಗೆ ಪ್ರವೇಶವಿಲ್ಲ. ನಮ್ಮ ಡಾಕ್ಟರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಈ ಮಗು ಓದಬಹುದು, ಓಡಬಹುದು, ಎಲ್ಲ ಮಕ್ಕಳಂತೆ ಇರಬಹುದು ಎಂದು ಎಷ್ಟು ಬೇಕಾದರೂ ಬರೆದುಕೊಡುತ್ತೇನೆ, ಇರುವ ಕಾಯಿಲೆಯನ್ನು ಇಲ್ಲ ಎಂದು ಹೇಗೆ ಬರೆಯಲಿ ಎಂದರು. ಶಾಲೆಯವರು ಅದನ್ನು ಒಪ್ಪಲಿಲ್ಲ. ಮಾರುಕಟ್ಟೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮಗುವಿನ ಮುಖವನ್ನೂ ನೋಡದೆ ಬೇಕಾದಂತೆ ಬರೆದುಕೊಡುತ್ತಾರಂತೆ. ಹಾಗೆಂದು ನನಗೆ ತಿಳಿಸಿದವರು ತಮ್ಮ ಶಾಲೆಯ ಆಫೀಸಿನವರೇ. ನಿಜ ಹೇಳಿ ಎಂದು ಕರೆದ ತಾವು, ಸುಳ್ಳು ತಂದವರಿಗೆ ಮಾತ್ರ ಬಾಗಿಲು ತೆಗೆಯುವ ವ್ಯವಸ್ಥೆ ಮಾಡಿದ್ದೀರಿ. ಕಾಯಿಲೆಯಿರುವ ಮಗುವಿಗೆ ರಕ್ಷಣೆ ಕೊಡಬೇಕಾದ ನಿಯಮ, ಕಾಯಿಲೆಯಿರುವ ಮಗುವಿನಿಂದ ಶಾಲೆಗೆ ರಕ್ಷಣೆ ಕೊಡುತ್ತಿದೆ. ನಮ್ಮ ಸಚಿವಾಲಯದಲ್ಲಿ ಇಂಥ ಕರಡು ಬಂದರೆ ಟೈಪು ಮಾಡುವ ನಾನೇ ವಾಪಸು ಕಳಿಸುತ್ತೇನೆ.

ನಮ್ಮ ಮನೆಯಲ್ಲಿ ಇದರ ಬಗ್ಗೆ ಜಗಳವೂ ಆಯಿತು. "ಬೇರೆ ಸ್ಕೂಲಿಗೆ ಹಾಕೋಣ, ಕಾಯಿಲೆ ವಿಷಯ ಎತ್ತೋದೇ ಬೇಡ" ಎಂದರು ನಮ್ಮ ಮನೆಯವರು. ಅಲ್ಲಿ ಅವಳು ಬಿದ್ದರೆ ಯಾರು ನೋಡುತ್ತಾರೆ ಎಂದೆ ನಾನು. "ಇಲ್ಲಿ ಹೇಳಿದ್ಯಲ್ಲ, ಇಲ್ಲಿ ಯಾರು ನೋಡಿದ್ರು?" ಎಂದರು ಅವರು. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತೇನೆ. ತಮ್ಮ ಬಳಿ ಉತ್ತರ ಇದೆಯೇ? ಅಂದಿನಿಂದ ಸ್ಫೂರ್ತಿ ಮನೆಯಲ್ಲಿದ್ದಾಳೆ. ನಾವಿಬ್ಬರೂ ಸರದಿಯ ಮೇಲೆ ರಜೆ ಹಾಕುತ್ತೇವೆ, ಉಳಿದ ದಿನ ವಿಮಲಾ ನೋಡಿಕೊಳ್ಳುತ್ತಾರೆ. ನಾನು ಅಂದೇ ಹೇಳಿದ್ದೆ ಎಂಬ ಮಾತನ್ನು ಆ ಪುಣ್ಯಾತ್ಗಿತ್ತಿ ಇಂದಿಗೂ ಆಡಿಲ್ಲ.

ಕಳೆದ ತಿಂಗಳು ಆರ್.ಕೆ.ಪುರಂನಲ್ಲಿ ನಮ್ಮ ಮನೆಯವರ ಸಹೋದ್ಯೋಗಿಯೊಬ್ಬರ ಮಗುವಿನ ಹುಟ್ಟುಹಬ್ಬ. ಬಹಳ ದಿನಗಳ ನಂತರ ಮಕ್ಕಳ ನಡುವೆ ಮಗಳು ಕುಣಿದಾಡಿದಳು. ಊಟ ತಡವಾಯಿತು. ಹಜಾರದಲ್ಲಿ ನಾವು ಮಾತಾಡುತ್ತಿದ್ದಾಗ ಅಡುಗೆಮನೆಯಿಂದ ಆ ಮನೆಯ ಅಜ್ಜಿ ಶಾರದಮ್ಮನವರ ದನಿ ಕೇಳಿಸಿತು. "ಏನೇ ಪುಟ್ಟಿ ಇದು? ಕದ್ದು ತಿಂತಿದ್ದೀಯಾ?" ಹೋಗಿ ನೋಡಿದರೆ ಸ್ಫೂರ್ತಿ ಬಾಗಿಲ ಹಿಂದೆ ಕೂತು, ಸಕ್ಕರೆ ಡಬ್ಬಿಯೊಳಗೆ ಕೈಹಾಕಿ ಮುಕ್ಕುತ್ತಿದ್ದಳು. ಕೈ ನಡುಗುತ್ತಿತ್ತು, ಗಲ್ಲಕ್ಕೆಲ್ಲ ಸಕ್ಕರೆ ಮೆತ್ತಿತ್ತು. ಬಾಗಿಲ ಬಳಿ ಮಕ್ಕಳು ಗುಂಪುಗಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಹೂಂ ಅಜ್ಜಿ, ಕದ್ದೆ. ಸಾರಿ."

ಶಾರದಮ್ಮನವರು ಪಾಪ, ವಿಷಯ ತಿಳಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟ ಮಾಡಿಸಿದರು. ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಯಾಕೆ ಪುಟ್ಟಿ, ಶುಗರ್ ಲೋ ಆಗ್ತಿದೆ ಅಂತ ಹೇಳಬಾರದಿತ್ತಾ? ಕದ್ದೆ ಅಂತ ಯಾಕೆ ಅಂದೆ?"

ಅವಳು ಹೊರಗೆ ನೋಡುತ್ತಾ ಹೇಳಿದಳು: "ಬೀಮಾರ್ ಬೋಲಾ ತೋ ಸಬ್ ಕೇ ಸಾಮ್ನೇ ಖಡಾ ಕರ್ತೇ ಹೈಂ, ಅಮ್ಮಾ. ಚೋರೀ ಬೋಲಾ ತೋ ಸಿರ್ಫ್ ಡಾಂಟ್ತೇ ಹೈಂ."

ಕಾಯಿಲೆ ಎಂದರೆ ಎಲ್ಲರ ಮುಂದೆ ನಿಲ್ಲಿಸುತ್ತಾರೆ, ಕದ್ದೆ ಎಂದರೆ ಬರೀ ಬೈಯುತ್ತಾರೆ. ಮೂರನೇ ತರಗತಿಯಲ್ಲಿ ತಮ್ಮ ಶಾಲೆ ಅವಳಿಗೆ ಕಲಿಸಿದ್ದು ಇದು, ನಿರ್ದೇಶಕರೇ. ಮಗ್ಗಿ ಮರೆತಾಳು, ಇದನ್ನು ಮರೆಯಲಾರಳು. ಇನ್ನೊಮ್ಮೆ ಸಕ್ಕರೆ ಇಳಿದಾಗ ಹತ್ತಿರದಲ್ಲಿ ಯಾರ ಅಡುಗೆಮನೆಯೂ ಇಲ್ಲದಿದ್ದರೆ ಅವಳು ಬಾಯಿಬಿಟ್ಟು ಕೇಳುತ್ತಾಳೆಯೇ? ನನಗೆ ಭರವಸೆಯಿಲ್ಲ. ಕಾಯಿಲೆಗೆ ನನ್ನ ಬಳಿ ಸೂಜಿಯಿದೆ. ಈ ಭಯಕ್ಕೆ ಏನು ಕೊಡಲಿ?

ತಾವು ಹೇಳಬಹುದು, ಸಾವಿರಾರು ಮಕ್ಕಳಿಗೆ ಮಾಡಿದ ನಿಯಮವನ್ನು ಒಂದು ಮಗುವಿಗಾಗಿ ಬದಲಿಸಲಾಗದು ಎಂದು. ಬದಲಿಸಬೇಡಿ. ವೈದ್ಯರ ಸಲಹೆಯಿರುವ ಮಕ್ಕಳು ಸಿಹಿಯನ್ನು ಜೊತೆಯಲ್ಲಿಟ್ಟುಕೊಳ್ಳಬಹುದು, ಯಾವ ಹೊತ್ತಿನಲ್ಲಾದರೂ ತಿನ್ನಬಹುದು, ಯಾರೂ ತಡೆಯಕೂಡದು ಎಂದು ಒಂದು ಸಾಲು ಸೇರಿಸಿ. ಬರೆಯಲು ಬೇಸರವಾದರೆ ನನಗೆ ಹೇಳಿ ಕಳಿಸಿ, ಟೈಪು ಮಾಡಿಕೊಡುತ್ತೇನೆ. ಆರೋಗ್ಯವಂತೆ ಎಂಬ ಸುಳ್ಳು ಪ್ರಮಾಣಪತ್ರವನ್ನೂ ಮುಚ್ಚಳಿಕೆಯನ್ನೂ ರದ್ದು ಮಾಡಿ. ಪ್ರತಿ ಶಾಲೆಯ ಟೀಚರುಗಳಿಗೆ ಇಂಥ ಮಗು ಮಂಕಾದಾಗ ಏನು ಮಾಡಬೇಕೆಂದು ಒಬ್ಬ ಡಾಕ್ಟರಿಂದ ಹೇಳಿಸಿ, ಒಂದು ಮಧ್ಯಾಹ್ನ ಸಾಕು. ವರದಿಯಿಂದ ಆ ಸುಳ್ಳನ್ನು ತೆಗೆದುಹಾಕಿ, ಕಮಲೇಶ್ ಮೇಡಂ ನಿಜ ಹೇಳಿದರೆ ಅವರ ಕೆಲಸಕ್ಕೆ ಕುತ್ತು ಬರದಂತೆ ನೋಡಿಕೊಳ್ಳಿ. ನನ್ನ ಮಗಳನ್ನು ಸುಳ್ಳುಗಾತಿ ಎಂದ ಅದೇ ಮೈಕಿನಲ್ಲಿ, ಅವಳು ಅಂದು ಹೇಳಿದ್ದು ನಿಜವಾಗಿತ್ತು ಎಂದು ಯಾರಾದರೂ ಹೇಳಲಿ. ತಾವೇ ಹೇಳಿದರೆ ಇನ್ನೂ ಒಳ್ಳೆಯದು. ನನ್ನಲ್ಲಿ ಕ್ಷಮೆ ಕೇಳುವುದು ಬೇಡ. ನಾನು ದೊಡ್ಡವಳು, ಮೋಸ ಹೋದದ್ದನ್ನು ಹೇಗೋ ಸಹಿಸುತ್ತೇನೆ.

ಏಪ್ರಿಲ್ ಆರಂಭದಲ್ಲಿ ಶಾಲೆ ಶುರುವಾಗುತ್ತದೆ. ಅಂದು ನಾವಿಬ್ಬರೂ ರಜೆ ಹಾಕಿದ್ದೇವೆ. ಇಷ್ಟು ದಿನ ಬೇರೆ ಶಾಲೆ ಎನ್ನುತ್ತಿದ್ದ ನಮ್ಮ ಮನೆಯವರು, ಹುಟ್ಟುಹಬ್ಬದ ಮನೆಯಿಂದ ಬಂದ ಮೇಲೆ ಆ ಮಾತು ಎತ್ತಿಲ್ಲ. ಸಮವಸ್ತ್ರ ಗಿಡ್ಡವಾಗಿದೆ ಎಂದು ಮೊನ್ನೆ ಅವರೇ ಹೋಗಿ ಹೊಸದು ತಂದರು. ಮಗಳ ಕೈಹಿಡಿದು ನಾವು ಗೇಟಿಗೆ ಬರುತ್ತೇವೆ. ಸುಳ್ಳು ಪ್ರಮಾಣಪತ್ರ ಇರುವುದಿಲ್ಲ, ಮುಚ್ಚಳಿಕೆ ಇರುವುದಿಲ್ಲ, ಜೇಬಿನಲ್ಲಿ ಪೆಪ್ಪರಮೆಂಟು ಇರುತ್ತದೆ. ತಡೆಯುವುದಾದರೆ ಕಾವಲುಗಾರನನ್ನೋ ಟೀಚರನ್ನೋ ಮುಂದೆ ಬಿಡಬೇಡಿ. ತಾವೇ ಬನ್ನಿ. ನನಗಲ್ಲ, ಅವಳಿಗೆ ಹೇಳಿ, ಯಾಕೆ ಒಳಗೆ ಬರಕೂಡದು ಎಂದು. ಕನ್ನಡದಲ್ಲೇ ಹೇಳಿ. ಮಾತಾಡಲು ತಡವರಿಸುತ್ತಾಳೆ, ಆದರೆ ಎಲ್ಲವೂ ಅವಳಿಗೆ ಅರ್ಥವಾಗುತ್ತದೆ.

ಇಂತಿ,
ಮುಚ್ಚಿಡಬೇಡ ಎಂದ ಮಾತನ್ನು ನಂಬಿ ಎಲ್ಲವನ್ನೂ ಹೇಳಿಕೊಂಡ ತಾಯಿ,
ಚಂದ್ರಪ್ರಭಾ
ಸರೋಜಿನಿ ನಗರ, ನವದೆಹಲಿ